ಕರಿ ಗಿಡಕ್ಕೂ ಎರಿ ಮಣ್ಣಿಗೂ ಆಗಿಬರೂದಿಲ್ಲ

ಕಲಬುರಗಿಯಲ್ಲಿ ತಮ್ಮನ ಹೊಸ ಮನೆಯ ವಾಸ್ತುಶಾಂತಿಗೆಂದು ಪುಣೆಯಿಂದ ಒಂದು ಕುಂಡ ಒಯ್ದೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಸೊಲ್ಲಾಪುರ ದಾಟುವ ತನಕ ಅದನ್ನು ತೊಡೆಯ ಮೇಲಿನಿಂದ ಇಳಿಸಿರಲಿಲ್ಲ. ಕಪ್ಪು ಝೀಝೀ, ನರ್ಸರಿಯವರು ರೇವನ್ ಅಂತಾರೆ. ಗಿಡ್ಡ ಗಿಡ, ಮಿರಿಮಿರಿ ಕರಿ ಎಲೆ. ಕಾಕಿ ನೋಡಿದ್ದೇ ತಡ, "ಶಾಂತಿ ಮನಿಗಿ ಕರಿ ಗಿಡ ತಂದೀಯೇನೋ? ಸುಟ್ಟಂಗ ಕಾಣ್ತದಲ್ಲೋ!" ಅಂದರು. ಉಡಿ ತುಂಬಿಸಿಕೊಳ್ಳಲು ಕೂತವರೆಲ್ಲ ಗೊಳ್ಳೆಂದರು. ಆ ದುಡ್ಡಿಗೆ ಒಳ್ಳೆಯ ಸೀರೆಯೇ ಬರುತ್ತಿತ್ತು.

ಪುಣೆಯ ನಮ್ಮ ಪಕ್ಕದ ಮನೆಯ ಅಜ್ಜಿ ಊರಿಗೆ ಹೋಗುವಾಗ ಕೀಲಿ ಕೊಟ್ಟು ಹೇಳುವುದು ಒಂದೇ: ಝೀಝೀಗೆ ನೀರು ಹಾಕಬೇಡ. ಪೂರ್ವ ಆಫ್ರಿಕಾ ಕಡೆಯ ಗಿಡ ಅದು. ಮಳೆಯಿಲ್ಲದ ತಿಂಗಳುಗಳಿಗೆಂದು ಮಣ್ಣೊಳಗಿನ ಗಡ್ಡೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಮಣ್ಣು ಪೂರ್ತಿ ಒಣಗಿದ ಮೇಲೆ ಹಾಕಿದರೆ ಸಾಕು. ಹಸಿ ಇರುವಾಗಲೇ ಸುರಿಯುತ್ತಿದ್ದರೆ ಗಡ್ಡೆ ಕೊಳೆಯುತ್ತದೆ.

ನಮ್ಮಲ್ಲೋ, ಗಿಡ ಕಂಡರೆ ಕೈ ತಂಬಿಗೆಗೆ ಹೋಗುತ್ತದೆ. ತುಳಸಿಗೆ ಹಾಕಿ ಉಳಿದದ್ದು ಇದಕ್ಕೆ, ಅಕ್ಕಿ ತೊಳೆದದ್ದು ಇದಕ್ಕೆ, ಮನೆಗೆ ಬಂದವರು ಕುಡಿದು ಬಿಟ್ಟದ್ದೂ ಇದಕ್ಕೇ. ಫೋನ್ ಮಾಡಿ ಬೇಡವೆಂದರೆ, "ಮನ್ಯಾಗಿಟ್ಟು ಉಪಾಸ ಕೆಡವ್ಲೇನು?" ಎಂಬ ಉತ್ತರ. ಊಟಕ್ಕೆ ಕೂತವರು ಸಾಕೆಂದರೂ ತಾಟಿಗೆ ಇನ್ನೊಂದು ರೊಟ್ಟಿ ಬೀಳುವ ಮನೆಯಲ್ಲಿ ಗಿಡದ ಮಾತು ಯಾರು ಕೇಳುತ್ತಾರೆ?

ಅಷ್ಟರಲ್ಲಿ ಚಿಗುರು ಬಂತು. ಈ ಗಿಡದ ಚಿಗುರು ಗಿಳಿಹಸಿರು. ಬಲಿಯುತ್ತ ವಾರಗಟ್ಟಲೆ ಕಳೆದ ಮೇಲೆ ಕಪ್ಪಾಗುತ್ತದೆ. ಹಸಿರು ಕಂಡು ಕಾಕಿಗೆ ಖುಷಿಯೋ ಖುಷಿ, ತಾವೇ ಗಿಡದ ರೋಗ ಬಿಡಿಸಿದಂತೆ. ಅದು ಕಪ್ಪಾಗತೊಡಗಿದ್ದೇ ರೋಗ ಮರಳಿತೆಂದು ನೀರು ಎರಡು ಪಟ್ಟಾಯಿತು. ಸಾಲದ್ದಕ್ಕೆ, "ನಮ್ಮ ಹೊಲದ ಮಣ್ಣಿರಲಾಕ ಪ್ಯಾಟಿ ಮಣ್ಣ್ಯಾಕ?" ಎಂದು ಎರಿ ಮಣ್ಣು ತರಿಸಿ, ಬೇರೆ ಕುಂಡಕ್ಕೇ ಹಾಕಿಸಿದರು. ಮಳೆ ನಿಂತ ಮೇಲೂ ತೊಗರಿಯನ್ನು ಕಾಯುವುದು ಆ ಮಣ್ಣೇ, ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಝೀಝೀಗೆ ಬೇಡವಾದದ್ದು ಸರಿಯಾಗಿ ಅದೇ. ಎಲೆ ಹಳದಿಯಾದವು, ದಂಟು ಬುಡದಲ್ಲಿ ಮೆತ್ತಗಾಯಿತು. ಕೊನೆಗೆ ತಮ್ಮನ ಹೆಂಡತಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿಕೊಟ್ಟು, ಕೊಳೆತ ಗಡ್ಡೆ ಕೊಯ್ಯಿಸಿ, ಉಸುಕು, ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣಿಗೆ ನೆಡಿಸಿದ್ದಾಯಿತು. ಅದರ ರಸ ಬಾಯಿ, ಚರ್ಮಕ್ಕೆ ಉರಿ ತರಿಸುತ್ತದೆ, ಕೈ ತೊಳ್ಕೋ ಎಂದೂ ಕೂಗಿ ಹೇಳಿದೆ.

ನಮ್ಮವರಿಗೆ ಯಾವುದನ್ನೂ ಸುಮ್ಮನೆ ಬಿಡಲು ಬರುವುದಿಲ್ಲ. ಹೊರಗೆ ಬದುಕಿದ ಮೇಲೆ ಇದು ಇನ್ನಷ್ಟು ಕಣ್ಣಿಗೆ ಹೊಡೆಯುತ್ತದೆ.

ಆದರೂ ಒಂದೆರಡು ಮಾತು ಹೇಳಲೇಬೇಕು. ನಾನು ಒಯ್ದ ಪಿಂಗಾಣಿ ಕುಂಡಕ್ಕೆ ತಳದಲ್ಲಿ ತೂತೇ ಇರಲಿಲ್ಲ. ಚಂದ ಕಾಣಲೆಂದು ಮಾರುವುದೇ ಹಾಗೆ. ಕಾಕಿ ಬದಲಿಸಿದ್ದು ತೂತಿರುವ ಮಣ್ಣಿನ ಕುಂಡಕ್ಕೆ. ಅದು ನೀರು ಹೀರಿ ಹೊರಗೆ ಆರಿಸುತ್ತದೆ, ಕಲಬುರಗಿಯ ಮೇ ತಿಂಗಳಲ್ಲಂತೂ ಕೇಳುವುದೇ ಬೇಡ. ಗಡ್ಡೆ ಅರ್ಧವಾದರೂ ಉಳಿದದ್ದು ಅದರಿಂದಲೇ ಇರಬೇಕು. ಮತ್ತೆ, ಪುಣೆಯ ಅಜ್ಜಿಯ ಗಿಡದ ಎಲೆಗಳ ಮೇಲೆ ಧೂಳು ಬೆರಳಿಗೆ ಹತ್ತುತ್ತದೆ. ಕಾಕಿಯ ಗಿಡದ ಒಂದೊಂದು ಎಲೆಯೂ ಸೆರಗಿನಿಂದ ಒರೆಸಿದ್ದು. ಇದನ್ನು ಅಜ್ಜಿಗೆ ಹೇಳಿಲ್ಲ.