ಸ್ಪಷ್ಟನೆ: ನೈಜೀರಿಯಾದ ಜನ ಬ್ರಿಟಿಷ್ ಆಳ್ವಿಕೆಯನ್ನು ಸುಮ್ನೆ ಒಪ್ಪಿಕೊಂಡಿರಲಿಲ್ಲ

'ಬ್ರಿಟಿಷರು ನೈಜೀರಿಯಾವನ್ನು ಅಲ್ಲಿನ ರಾಜರ ಮೂಲಕವೇ ಆಳಿದರು, ಹಾಗಾಗಿ ಜನ ತಕರಾರು ಮಾಡಲಿಲ್ಲ' ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಉತ್ತರದಲ್ಲಿ ಹಳೆಯ ಮುಸ್ಲಿಂ ದೊರೆಗಳಾದ ಎಮೀರ್‌ಗಳನ್ನು ಉಳಿಸಿಕೊಂಡು ಆಳಿದ್ದು ನಿಜ. ಆದರೆ ಆಗ್ನೇಯದ ಇಗ್ಬೋ ಜನಾಂಗದ ಊರುಗಳಲ್ಲಿ ಹೆಚ್ಚಿನ ಕಡೆ ರಾಜರೇ ಇರಲಿಲ್ಲ. ಊರಿನವರೇ ಸಭೆ ಸೇರಿ ತೀರ್ಮಾನ ಮಾಡುತ್ತಿದ್ದರು. ಅಲ್ಲಿ ಬ್ರಿಟಿಷರು ತಮಗೆ ಬೇಕಾದವರ ಕೈಗೆ ಅಧಿಕಾರಪತ್ರ ಕೊಟ್ಟು 'ವಾರಂಟ್ ಮುಖ್ಯಸ್ಥ'ರನ್ನು ಹುಟ್ಟುಹಾಕಿದರು. ಜನ ಆರಿಸದ ಇವರನ್ನು 'ಅಲ್ಲಿನ ರಾಜರು' ಅನ್ನುವುದು ಹೇಗೆ?

1928ರಲ್ಲಿ ಈ ಭಾಗದ ಗಂಡಸರ ಮೇಲೆ ತೆರಿಗೆ ಬಿತ್ತು. ಮರುವರ್ಷ ಓಲೋಕೊ ಊರಿನಲ್ಲಿ ಹೆಂಗಸರ ಲೆಕ್ಕ ತೆಗೆಯಲು ಶುರುಮಾಡಿದಾಗ, ತೆರಿಗೆ ತಮಗೂ ಬರುತ್ತದೆ ಎಂದು ಅವರು ಸಿಡಿದೆದ್ದರು. ನ್ವಾನ್ಯೆರುವಾ ಎಂಬಾಕೆ ಮೊದಲು ದನಿ ಎತ್ತಿದರು. ಸಾವಿರಾರು ಹೆಂಗಸರು ಮುಖ್ಯಸ್ಥರ ಮನೆಗಳನ್ನು ಸುತ್ತುವರಿದು, ಅಣಕದ ಹಾಡು ಹಾಡಿ, ಅಧಿಕಾರ ಬಿಡುವಂತೆ ಪಟ್ಟು ಹಿಡಿದರು. ಅದು ಅವರ ಸಮಾಜದಲ್ಲಿ ಮೊದಲಿನಿಂದಲೂ ಇದ್ದ ಪ್ರತಿಭಟನೆಯ ರೀತಿ. ಸರ್ಕಾರ ಗುಂಡು ಹಾರಿಸಿತು. 50ಕ್ಕೂ ಹೆಚ್ಚು ಹೆಂಗಸರು ಸತ್ತರು. ಇವರನ್ನು ಮರೆತು 'ತಕರಾರು ಇರಲಿಲ್ಲ' ಅನ್ನುವುದು ದೊಡ್ಡ ಅನ್ಯಾಯ ಅಲ್ವಾ?

ಆ ಹೋರಾಟ ವ್ಯರ್ಥವಾಗಲಿಲ್ಲ. 1930ರ ದಶಕದಲ್ಲಿ ವಾರಂಟ್ ಮುಖ್ಯಸ್ಥರ ಪದ್ಧತಿಯನ್ನು ಬ್ರಿಟಿಷರೇ ಕೈಬಿಡಬೇಕಾಯಿತು.