ನಕ್ಷತ್ರಿಕನ ನಕ್ಷತ್ರ

ನಿನ್ನೆ ಸಂಜೆ ಮನೆಗೆ ಬರುವಾಗ ನನ್ನ ಕಾರು ಫ್ಲೈಓವರ್ ಅರ್ಧ ಹತ್ತಿ ಉಸಿರು ಬಿಟ್ಟುಬಿಡ್ತು. ಮಳೆ ಬೇರೆ. ಹಿಂದೆ ಹಾರ್ನೋ ಹಾರ್ನು. ನಡುಗೋ ಕೈಯಲ್ಲೇ ಆಫೀಸ್ ಗ್ರೂಪಿಗೆ ಇಂಗ್ಲಿಷಲ್ಲಿ ಮೆಸೇಜ್ ಹಾಕಿದೆ, ನನ್ನ ಕಾರು ಸ್ಟೇಷನರಿ ಆಗಿದೆ, ಹತ್ರ ಇರೋರು ಯಾರಾದ್ರೂ ಬನ್ನಿ ಅಂತ. ಹತ್ತು ಸೆಕೆಂಡೂ ಆಗಿಲ್ಲ, ಟಿಂಗ್ ಅಂತು. ಸದ್ಯ, ಯಾರೋ ಬರ್ತಿದಾರೆ ಅಂತ ನೋಡಿದ್ರೆ ಒಂದು ನಕ್ಷತ್ರದ ಚಿಹ್ನೆ, ಪಕ್ಕದಲ್ಲಿ ಸ್ಟೇಷನರಿ. ಅಷ್ಟೇ!

ನಾನು ಹಾಕಿದ್ದೂ ಸ್ಟೇಷನರಿ, ಅವ್ರು ತಿದ್ದಿದ್ದೂ ಸ್ಟೇಷನರಿ. ಕನ್ನಡದಲ್ಲಿ ಬರೆದ್ರೆ ಜಗಳವೇ ಇಲ್ಲ ನೋಡಿ. ಇಂಗ್ಲಿಷಲ್ಲಿ ಮಾತ್ರ ಆ ಕೊನೆಯ ಆರ್‌ಗೆ ಮುಂಚೆ ಎ ಬಂದ್ರೆ ನಿಂತಲ್ಲೇ ನಿಂತಿದ್ದು, ಇ ಬಂದ್ರೆ ಪೆನ್ನು ಪೇಪರು ಕವರು. ಅಂದ್ರೆ ನಾನು ಇಡೀ ಆಫೀಸಿಗೆ, ಕಾರು ಪೆನ್ನು ಪೇಪರು ಆಗ್ಬಿಟ್ಟಿದೆ ಓಡಿ ಬನ್ನಿ ಅಂತ ಕರೆದಿದ್ದೆ.

ನಕ್ಷತ್ರ ಹಾಕೋ ಮಹಾಶಯರು ನಮ್ಮ ಟೀಮಿನ ಹಿರಿಯರು. ಹರಿಶ್ಚಂದ್ರನ ಹಿಂದೆ ಸಾಲ ವಸೂಲಿಗೆ ಬಿದ್ದಿದ್ನಲ್ಲ ನಕ್ಷತ್ರಿಕ, ಅವನ ಹೆಸರೇ ಇವ್ರಿಗೆ ಇಟ್ಟಿದೀವಿ, ನಕ್ಷತ್ರಾನೂ ಇದೆ ಕಾಟಾನೂ ಇದೆ. ಜೋಡಿಯೊಂದರ ನಿಶ್ಚಿತಾರ್ಥದ ಫೋಟೋ ಕೆಳಗೆ, ನೀವಿಬ್ರೂ ಒಬ್ಬರಿಗೊಬ್ಬರು ಕಾಂಪ್ಲಿಮೆಂಟ್ ಅಂತ ಬರೆದೆ, ನಕ್ಷತ್ರ ಬಂತು. ಐ ಹಾಕಿದ್ರೆ ಹೊಗಳಿಕೆ, ಇ ಹಾಕಿದ್ರೆ ಮಾತ್ರ ಜೋಡಿ ಅಂತೆ. ಮಗಳ ಸ್ಕೂಲಿನ ಪ್ರಿನ್ಸಿಪಲ್ ಕರೆದಿದಾರೆ ಅಂತ ರಜೆ ಕೇಳಿದವಳಿಗೆ ರಜೆಗಿಂತ ಮೊದಲು ನಕ್ಷತ್ರ ಸಿಕ್ತು, ಯಾಕಂದ್ರೆ ಅವಳು ಬರೆದ ಸ್ಪೆಲಿಂಗಿಗೆ ಅರ್ಥ ತತ್ವ ಸಿದ್ಧಾಂತ ಅಂತ, ಸಿದ್ಧಾಂತ ಯಾರನ್ನೂ ಸ್ಕೂಲಿಗೆ ಕರೆಯಲ್ಲ. ಎಲ್ಲಕ್ಕಿಂತ ಮೇಲೆ, ಹೊಸ ಹುಡುಗನೊಬ್ಬ ತಾತ ತೀರಿಕೊಂಡಿದ್ದು ಎಷ್ಟು ಎಫೆಕ್ಟ್ ಮಾಡಿದೆ ಅಂತ ಬರೆದಾಗ್ಲೂ ಬಂತು ನಕ್ಷತ್ರ, ಅಫೆಕ್ಟ್ ಅಂತ. ಎರಡು ನಿಮಿಷ ಬಿಟ್ಟು ಕೈಮುಗಿಯೋ ಎಮೋಜಿ. ಆ ಎರಡು ನಿಮಿಷ ಆ ಹುಡುಗ ಏನು ಅಂದ್ಕೊಂಡ್ನೋ.

ಫ್ಲೈಓವರ್ ಮೇಲೆ ನನಗೆ ಎರಡನೇ ಮೆಸೇಜೂ ಬಂತು. ಇ ಫಾರ್ ಎನ್ವೆಲಪ್, ಎ ಫಾರ್ ಆಟೋಮೊಬೈಲ್, ಹೀಗೆ ನೆನಪಿಟ್ಕೊಳ್ಳಿ ಅಂತ. ನನ್ನ ಆಟೋಮೊಬೈಲ್ ಇಲ್ಲಿ ನೆನೀತಾ ಇದೆ ಸ್ವಾಮಿ!

ಬೇರೆ ಕೆಲಸ ಇರ್ಲಿಲ್ಲ, ಕಾರಲ್ಲೇ ಕೂತು ಹುಡುಕಿದೆ. ನೋಡಿದ್ರೆ ಈ ಎರಡೂ ಒಂದೇ ಮನೆಯವು! ಹಿಂದೆ ಯುರೋಪಲ್ಲಿ ಊರೂರು ಸುತ್ತಿ ಮಾರೋರ ನಡುವೆ ಒಂದೇ ಜಾಗದಲ್ಲಿ ಅಂಗಡಿ ಇಟ್ಟು ಪುಸ್ತಕ ಮಾರೋನಿಗೆ ಸ್ಟೇಷನರ್ ಅಂತಿದ್ರಂತೆ, ಅಂದ್ರೆ ನಿಂತಲ್ಲೇ ನಿಂತೋನು. ಲಂಡನ್ನಲ್ಲಿ ಅವ್ರು 1403ರಲ್ಲೇ ಸಂಘ ಕಟ್ಕೊಂಡಿದ್ರು. ಅವನು ಮಾರೋ ಸಾಮಾನು ಸ್ಟೇಷನರಿ. ಆ ಕಾಂಪ್ಲಿಮೆಂಟ್‌ಗಳ ಕಥೇನೂ ಇದೇ, ಎರಡಕ್ಕೂ ಮೂಲ ಪೂರ್ತಿ ಮಾಡು ಅನ್ನೋ ಲ್ಯಾಟಿನ್ ಪದ. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡ್ಕೊಂಡ ಹಾಗೆ ಒಬ್ಬೊಬ್ಬ ಒಂದೊಂದು ಅಕ್ಷರ ಎತ್ಕೊಂಡು ಹೋದ, ಬೇಲಿ ಎಲ್ಲಿದೆ ಅಂತ ಗೊತ್ತಿಲ್ಲದೆ ಒದೆ ತಿನ್ನೋದು ನಾವು.

ಹಾಗಂತ ನಾನೂ ಸಾಚಾ ಅಲ್ಲ. ಯಾರಾದ್ರೂ ಹಳ್ಳಿಗೆ ಹೋಗ್ತೀನಿ ಅನ್ನೋಕೆ ಹಲ್ಲಿಗೆ ಹೋಗ್ತೀನಿ ಅಂತ ಬರೆದ್ರೆ ನನ್ನ ಕೈಯೂ ತುರಿಸತ್ತೆ. ಆದ್ರೆ ಅದು ಕಿವಿಗೇ ಗೊತ್ತಾಗತ್ತಲ್ವಾ.

ಮಳೆ ನೋಡ್ತಾ ಅಪ್ಪ ನೆನಪಾದ್ರು. ಹಾಸ್ಟೆಲಿಂದ ನಾನು ಇಂಗ್ಲಿಷಲ್ಲೇ ಕಾಗದ ಬರೀಬೇಕು ಅಂತ ಅವ್ರ ರೂಲು, ಬರೆದ ಕಾಗದ ಕೆಂಪು ಇಂಕಲ್ಲಿ ತಿದ್ದಿಸಿಕೊಂಡು ನನಗೇ ವಾಪಸ್ ಬರೋದು. ಒಂದ್ಸಲ ತೂಕ ಲೂಸ್ ಮಾಡ್ತಿದೀನಿ ಅಂತ ಎರಡು ಓ ಹಾಕಿ ಬರೆದಿದ್ದೆ, ತೂಕ ಸಡಿಲ ಆಗಿತ್ತು. ಅಪ್ಪ ಒಂದು ಓ ಸುತ್ತ ಗೋಲ ಹಾಕಿ ಪಕ್ಕದಲ್ಲಿ ಕನ್ನಡದಲ್ಲಿ ಬರೆದಿದ್ರು, "ಇದನ್ನ ತೆಗಿ. ಸರಿಯಾಗಿ ಊಟ ಮಾಡು. ಮನಿ ಆರ್ಡರ್ ಕಳಿಸಿದೀನಿ." ಆಗ ಕೆಂಪು ನೋಡಿ ಸಿಟ್ಟು ಬಂದಿತ್ತು. ಈಗ ಆ ಕಾಗದ ಎಲ್ಲಿದೆಯೋ.

ಕೊನೆಗೆ ಕಾರು ಎಳೆಯೋ ಗಾಡಿಯವನು ಬಂದ. ಬಾನೆಟ್ ಎತ್ತಿ ನೋಡಿ, "ಬ್ಯಾಟ್ರಿ ಡೆಡ್ ಸಾರ್" ಅಂದ. ಸ್ಪೆಲಿಂಗ್ ಕೇಳ್ಲಿಲ್ಲ.

ಮನೆ ಸೇರಿ, ಟವೆಲಲ್ಲಿ ತಲೆ ಒರೆಸ್ಕೊಂಡು, ಗ್ರೂಪಿಗೆ ಬರೆದೆ: ಸೇಫಾಗಿ ತಲುಪಿದೆ, ನಿಮ್ಮ ಅಡ್ವೈಸ್‌ಗೆ ಥ್ಯಾಂಕ್ಸ್. ಸಲಹೆ ಅನ್ನೋ ನಾಮಪದಕ್ಕೆ ಸಿ ಹಾಕ್ಬೇಕು, ಎಸ್ ಹಾಕಿದ್ರೆ ಸಲಹೆ ಕೊಡು ಅನ್ನೋ ಕ್ರಿಯಾಪದ, ಇಷ್ಟು ನನಗೆ ಚೆನ್ನಾಗಿ ಗೊತ್ತು. ಎಸ್ ಹಾಕಿ ಕಳಿಸಿ, ಕುರ್ಚಿ ಎಳ್ಕೊಂಡು ಕೂತೆ. ಅವ್ರ ಹೆಸರಿನ ಮುಂದೆ ಟೈಪಿಂಗ್ ಅಂತ ಬಂತು.