ಟಿಕೆಟ್ ಕಾಕಾ ಮತ್ತು 200 ಡಾಲರ್

ಮೊನ್ನೆ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ಗಂಡ ರಿಟೈರ್ ಆಗಿದ್ದಾರೆ, ಇಬ್ಬರೂ ಕ್ರೂಸ್‌ಗೆ ಹೋಗಬೇಕಂತೆ. "ನಿಮ್ಮ ಖಡೇಬಜಾರದ ಏಜೆಂಟರ ಕಡೆನ ಮಾಡಸ್ಲೋ, ಆನ್‌ಲೈನ್‌ನಾಗ ಮಾಡ್ಲೋ? ಆನ್‌ಲೈನ್‌ನಾಗ ಏನೇನೋ ಪುಕ್ಕಟೆ ಕೊಡ್ತಾರಂತಲ್ಲ" ಅಂತ ಕೇಳಿದಳು. ಅರ್ಧ ತಾಸು ಮಾತಾಡಿದರೂ ಅವಳಿಗೆ ನೇರ ಉತ್ತರ ಕೊಡಲು ಆಗಲಿಲ್ಲ. ಯಾಕೆಂದರೆ ಈ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಅದನ್ನೂ ಸೇರಿಸಿ ಇಲ್ಲೇ ಬರೆದುಬಿಡುತ್ತೇನೆ, ಅವಳೂ ಓದಲಿ.

ಟಿಕೆಟ್ ಕಾಕಾ ನಮ್ಮ ಮನೆಯ ಖಾಯಂ ಏಜೆಂಟ್. ಆ ಹೆಸರು ಇಟ್ಟವಳು ನನ್ನ ಮಗಳು, ಮೂರನೇ ಕ್ಲಾಸಿನಲ್ಲಿದ್ದಾಗ. ನಮ್ಮ ಬೆಳಗಾವಿಯ ಖಡೇಬಜಾರದಲ್ಲಿ ಒಂದು ಬಟ್ಟೆ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಅವರ ಆಫೀಸು. ಎರಡು ಟೇಬಲ್, ಒಂದು ದೇವರ ಫೋಟೋ, ಮೂಲೆಯಲ್ಲಿ ಹಳೇ ರಸೀದಿ ಪುಸ್ತಕಗಳ ರಾಶಿ. ಮೊದಲು ಮುಂಬೈ, ಪುಣೆಯ ರಾತ್ರಿ ಬಸ್ಸಿನ ಟಿಕೆಟ್ ಮಾರುತ್ತಿದ್ದರು. ಆಮೇಲೆ ರೈಲು, ವಿಮಾನ, ಚಾರ್‌ಧಾಮ್, ದುಬೈ, ಈಗ ಕ್ರೂಸ್. ನಮ್ಮ ಮಾವ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಹನ್ನೊಂದಕ್ಕೆ ಪುಣೆಯಿಂದ ಮಗಳಿಗೆ ಸೀಟು ಹೊಂದಿಸಿಕೊಟ್ಟವರು ಇವರೇ. ದುಡ್ಡಿನ ಮಾತು ಎತ್ತಿದ್ದು ಹದಿಮೂರನೇ ದಿನ ಕಳೆದ ಮೇಲೆ, ಅದೂ ನಾವೇ.

ಇಂಥವರನ್ನು ಬಿಟ್ಟು ಬೇರೆ ಕಡೆ ಹೋಗುವುದು ಹೇಗೆ, ಅಲ್ವಾ?

2022ರಲ್ಲಿ ಮೊದಲ ಸಲ ಹಡಗು ಹತ್ತಿದ್ದೂ ಅವರ ಮೂಲಕವೇ. ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು, ಮುಂಬೈಯಿಂದ ಗೋವಾ. ಬೆಳಗಾವಿಯವರು ಗೋವಾಕ್ಕೆ ಹೋಗಲು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಮುಂಬೈ ಮುಟ್ಟಿ, ಅಲ್ಲಿಂದ ಹಡಗು ಹತ್ತಿ ಮತ್ತೆ ಗೋವಾಕ್ಕೆ ಬರುವುದು! ಚೋರ್ಲಾ ಘಾಟ್ ಇಳಿದರೆ ಮೂರು ತಾಸಿನ ದಾರಿ. ನಮ್ಮ ಮೈದುನ ಇವತ್ತಿಗೂ ಇದನ್ನು ಹೇಳಿ ನಗುತ್ತಾನೆ. ನಗಲಿ ಬಿಡಿ. 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಅನ್ನುವ ಹೆಸರಿನಲ್ಲಿ ಓಡಾಟ ಶುರು ಮಾಡಿ, ಹೆಸರು ಬದಲಿಸುತ್ತಾ ದೇಶ ಸುತ್ತಿ, 2021ರ ಸೆಪ್ಟೆಂಬರ್‌ನಲ್ಲಿ ಮುಂಬೈಗೆ ಬಂದು ಸೇರಿಕೊಂಡ ಹಡಗು ಅದು. ವಯಸ್ಸಾಗಿದೆ ಅಂತ ನಮಗಂತೂ ಅನಿಸಲಿಲ್ಲ. ಅಲ್ಲಿಂದ ನಮಗೆ ಹಡಗಿನ ಹುಚ್ಚು ಹತ್ತಿತು.

ಮರುವರ್ಷ ತಂಗಿಯ ಮನೆಯವರ ಜೊತೆ ಹೊರದೇಶದ ಒಂದು ಕ್ರೂಸ್ ಮಾಡಿದೆವು. ಅಲ್ಲಿ ಕಾಕಾ ಎಡವಿದರು. ಕ್ರೂಸ್ ದರ ಬಂಗಾರದ ದರದ ಹಾಗೆ, ದಿನಾ ಏರಿಳಿಯುತ್ತದೆ. ಅಡ್ವಾನ್ಸ್ ಕೊಟ್ಟು ಕ್ಯಾಬಿನ್ ಹಿಡಿದ ಮೇಲೆ, ಪೂರ್ತಿ ಹಣ ಕಟ್ಟುವ ದಿನದೊಳಗೆ ದರ ಇಳಿದರೆ ಕೆಲವು ಕಂಪನಿಗಳು ಹೊಸ ದರಕ್ಕೆ ಬದಲಿಸಿಕೊಡುತ್ತವೆ. ಆದರೆ ಕೇಳಬೇಕು. ತಾವಾಗಿ ಯಾರೂ ಕೊಡುವುದಿಲ್ಲ. ಏಜೆಂಟ್ ಮೂಲಕ ಬುಕ್ ಆಗಿದ್ದರೆ ಆ ಏಜೆಂಟೇ ಕೇಳಬೇಕು. ನಮ್ಮ ಕ್ಯಾಬಿನ್ ದರ ಒಂಬತ್ತು ಸಾವಿರ ಇಳಿದಿತ್ತು. ಕಾಕಾ ನೋಡಲೇ ಇಲ್ಲ. ನಾನು ನೋಡುವಷ್ಟರಲ್ಲಿ ಕಟ್ಟುವ ದಿನ ದಾಟಿ ನಾಲ್ಕು ದಿನವಾಗಿತ್ತು.

ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಒಂದು ಸೊನ್ನೆ ಆಚೀಚೆ ಆದರೂ ನಿದ್ದೆ ಬರುವುದಿಲ್ಲ. ಆದರೂ ಕಾಕಾನ ಮುಂದೆ ಬಾಯಿ ಬಿಡಲಿಲ್ಲ. ಮಾವನವರ ವೇಳೆಯಲ್ಲಿ ಅಷ್ಟು ಮಾಡಿದವರಿಗೆ ಒಂಬತ್ತು ಸಾವಿರದ ಮಾತು ಹೇಗೆ ಎತ್ತುವುದು ಅಂತ ಸುಮ್ನೆ ಕೂತೆ. ಮನೆಯವರು ಇದನ್ನೇ ನಂಬಿಕೆ ಅಂದರು. ನಂಬಿಕೆಯಲ್ಲ ಅದು, ಮುಲಾಜು. ಮುಲಾಜಿನ ವ್ಯವಹಾರ ಒಳಗೊಳಗೇ ಹುಳಿಯುತ್ತದೆ. ನನ್ನದೂ ಹುಳಿಯಿತು.

2024ರ ಡಿಸೆಂಬರ್‌ಗೆ ಸಿಂಗಪುರದಿಂದ ಪೆನಾಂಗ್, ಫುಕೆಟ್ ನೋಡಿಕೊಂಡು ವಾಪಸ್ ಸಿಂಗಪುರಕ್ಕೆ ಬರುವ ನಾಲ್ಕು ರಾತ್ರಿಯ ಕ್ರೂಸ್ ಅಂತ ಗೊತ್ತುಮಾಡಿದೆವು. ಎರಡು ಕ್ಯಾಬಿನ್. ಒಂದರಲ್ಲಿ ನಾವಿಬ್ಬರು, ಇನ್ನೊಂದರಲ್ಲಿ ಅತ್ತೆ ಮತ್ತು ಮಗಳು. ಎಂದಿನಂತೆ ಮೆಟ್ಟಿಲು ಹತ್ತಿದೆ. ಕಾಕಾ ಹಡಗಿನ ನಕ್ಷೆಯನ್ನು ಎ3 ಹಾಳೆಯ ಮೇಲೆ ಪ್ರಿಂಟ್ ತೆಗೆದು ಟೇಬಲ್ ಮೇಲೆ ಹಾಸಿದರು. ಮೇಲೆ ಎರಡು ಚಹಾ ಕಪ್ಪು ಇಟ್ಟು ಮಡಚದಂತೆ ಮಾಡಿದರು. ಆಮೇಲೆ ಪೆನ್ಸಿಲ್ ಹಿಡಿದು ಶುರು.

"ಇದು ಬ್ಯಾಡ್ರಿ ಅಕ್ಕಾರ. ಇದರ ಮ್ಯಾಲೆ ಸ್ವಿಮ್ಮಿಂಗ್ ಪೂಲ್ ಐತಿ. ಮುಂಜಾನೆ ಎದ್ದು ಖುರ್ಚಿ ಎಳ್ಯಾಕ ಶುರು ಮಾಡ್ತಾರ, ಅತ್ತಿಯವರಿಗೆ ನಿದ್ದಿ ಬರಂಗಿಲ್ಲ. ಈ ತುದಿದೂ ಬ್ಯಾಡ, ಅಲ್ಲಿ ಅಲುಗಾಟ ಜಾಸ್ತಿ. ನಡುವಿಂದು ನೋಡೂಣು. ಮ್ಯಾಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್ ಇದ್ರ ಗದ್ದಲ ಇರೂದಿಲ್ಲ. ಲಿಫ್ಟ್ ಸಮೀಪ ಇರಬೇಕು, ಲಿಫ್ಟಿನ ಎದುರಿಗೆ ಇರಬಾರದು."

ಮುಕ್ಕಾಲು ತಾಸು ಹೀಗೇ ಹೋಯಿತು. ಕೊನೆಗೆ ಅಕ್ಕಪಕ್ಕದ ಎರಡು ಕ್ಯಾಬಿನ್‌ಗೆ ಪೆನ್ಸಿಲ್‌ನಲ್ಲಿ ಗೋಲ ಹಾಕಿ, ಹಾಳೆ ಸುತ್ತಿ ನನ್ನ ಕೈಗೆ ಕೊಟ್ಟರು. ಮನೆಯಲ್ಲಿ ಕೇಳಿ ಹೇಳ್ತೀನಿ ಅಂತ ಬಂದೆ.

ಮನೆಗೆ ಬಂದು ಆನ್‌ಲೈನ್‌ನಲ್ಲಿ ನೋಡಿದರೆ ಒಂದು ದೊಡ್ಡ ಕಂಪನಿ ಅದೇ ಹಡಗು, ಅದೇ ತಾರೀಖು, ಅದೇ ದರಕ್ಕೆ ಪ್ರತಿ ಕ್ಯಾಬಿನ್‌ಗೆ 100 ಡಾಲರ್ ಆನ್‌ಬೋರ್ಡ್ ಕ್ರೆಡಿಟ್, ಅಂದರೆ ಹಡಗಿನಲ್ಲಿ ಖರ್ಚು ಮಾಡಲು ಪುಕ್ಕಟೆ ದುಡ್ಡು, ಕೊಡುತ್ತಿತ್ತು. ಎರಡಕ್ಕೆ 200. ಆಗಿನ ಲೆಕ್ಕದಲ್ಲಿ ಸುಮಾರು 17 ಸಾವಿರ ರೂಪಾಯಿ. ಹೋದ ವರ್ಷದ ಒಂಬತ್ತು ಸಾವಿರ ನೆನಪಾಯಿತು. ಕಾಕಾ ಗೋಲ ಹಾಕಿದ ಆ ಎರಡೇ ಕ್ಯಾಬಿನ್‌ಗಳನ್ನು ಅಲ್ಲಿ ಬುಕ್ ಮಾಡಿದೆ.

ಈ 200 ಡಾಲರ್ ಎಲ್ಲಿಂದ ಬರುತ್ತದೆ ಅಂತ ಆಗ ಯೋಚಿಸಿರಲಿಲ್ಲ. ಆಮೇಲೆ ಲೆಕ್ಕ ಹಾಕಿದೆ. ಕ್ರೂಸ್ ಕಂಪನಿ ಏಜೆಂಟರಿಗೆ ಟಿಕೆಟ್ ದರದ ಮೇಲೆ ಕಮಿಷನ್ ಕೊಡುತ್ತದೆ. ಸಾಮಾನ್ಯವಾಗಿ 10%ರಿಂದ ಶುರು, ಜಾಸ್ತಿ ವ್ಯಾಪಾರ ಕೊಡುವವರಿಗೆ 15%ರ ಆಸುಪಾಸು. ಬಂದರು ಶುಲ್ಕ, ತೆರಿಗೆ, ಟಿಪ್ಸ್ ಮೇಲೆ ಕಮಿಷನ್ ಇಲ್ಲ. ಒಂದು ಕ್ಯಾಬಿನ್‌ಗೆ ಒಂದು ಲಕ್ಷ ಕೊಟ್ಟಿರಿ ಅಂದುಕೊಳ್ಳಿ. ಕಮಿಷನ್ ಸಿಗುವ ಭಾಗ ಅದರಲ್ಲಿ 70 ಸಾವಿರ ಅಂತ ಹಿಡಿಯಿರಿ. ಎರಡು ಕ್ಯಾಬಿನ್‌ಗೆ 10% ಅಂದರೆ ಕಾಕಾಗೆ 14 ಸಾವಿರ. ದೊಡ್ಡವರಿಗೆ 15%, ಅಂದರೆ 21 ಸಾವಿರ. ಅದರಲ್ಲಿ 17 ಸಾವಿರ ನನಗೇ ವಾಪಸ್ ಕೊಟ್ಟರು. ಉಳಿದದ್ದು ನಾಲ್ಕು ಸಾವಿರ. ಕಾಕಾ ತಮಗೆ ಬಂದದ್ದನ್ನೆಲ್ಲ ಕೊಟ್ಟರೂ 17 ಸಾವಿರ ಆಗುವುದಿಲ್ಲ. ನಮ್ಮಂಥ ಊರಿನ ಸಣ್ಣ ಏಜೆಂಟರು ಎಷ್ಟೋ ಸಲ ಮುಂಬೈಯದೋ ಬೆಂಗಳೂರಿನದೋ ದೊಡ್ಡ ಏಜೆನ್ಸಿ ಮೂಲಕ ಬುಕ್ ಮಾಡುತ್ತಾರೆ, ಅಲ್ಲೂ ಒಂದು ಪಾಲು ಹೋಗುತ್ತದೆ. ಇರುವ ದುಡ್ಡು ಒಂದೇ. ಅದು ಸೇವೆಗೆ ಹೋಗಬೇಕು, ಇಲ್ಲ ನನ್ನ ಜೇಬಿಗೆ ವಾಪಸ್ ಬರಬೇಕು.

ನಾಲ್ಕು ಸಾವಿರಕ್ಕೆ ಯಾರು ನಮ್ಮ ಅತ್ತೆಯ ಪಾಸ್‌ಪೋರ್ಟ್ ಓದುತ್ತಾರೆ?

ಓದಲಿಲ್ಲ. ಅತ್ತೆಯ ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇದೆ. ಆ ವಯಸ್ಸಿನ ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಕಾಗದದಲ್ಲಿ ಒಂದೇ ಹೆಸರು. ಬುಕಿಂಗ್ ಫಾರ್ಮ್‌ನಲ್ಲಿ ಆ ಜಾಗ ಖಾಲಿ ಬಿಡಲು ಬರುವುದಿಲ್ಲ ಅಂತ ಕಾಲ್ ಸೆಂಟರಿನ ಹುಡುಗ ನಮ್ಮ ಮನೆತನದ ಹೆಸರು ತುಂಬಿದ್ದ. ಪಾಸ್‌ಪೋರ್ಟ್‌ನಲ್ಲಿ ಒಂದು, ಹಡಗಿನ ಟಿಕೆಟ್‌ನಲ್ಲಿ ಇನ್ನೊಂದು. ನಾನು ನೋಡಿದ್ದು ಹೊರಡಲು ಹನ್ನೆರಡು ದಿನ ಇದ್ದಾಗ. ಫೋನ್ ಮಾಡಿದರೆ ಪ್ರತಿ ಸಲ ಹೊಸ ಧ್ವನಿ, ಪ್ರತಿ ಸಲ ಕತೆ ಮೊದಲಿನಿಂದ. ಕ್ರೂಸ್ ಕಂಪನಿಗೇ ಕೇಳಿದೆ. ನಿಮ್ಮ ಏಜೆಂಟ್ ಮೂಲಕವೇ ಬನ್ನಿ, ನಾವು ಮುಟ್ಟುವ ಹಾಗಿಲ್ಲ ಅಂದರು. ಇದು ಎಲ್ಲರೂ ತಿಳಿದಿರಬೇಕಾದ ಮಾತು: ಏಜೆಂಟ್ ಮೂಲಕ ಬುಕ್ ಆದ ಕ್ಯಾಬಿನ್‌ನಲ್ಲಿ ಬದಲಾವಣೆಗೆ ಕಂಪನಿ ಸಾಮಾನ್ಯವಾಗಿ ನಿಮ್ಮ ಜೊತೆ ನೇರ ಮಾತಾಡುವುದಿಲ್ಲ.

ಆರನೇ ದಿನ ನಾಚಿಕೆ ಬಿಟ್ಟು ಮತ್ತೆ ಖಡೇಬಜಾರದ ಮೆಟ್ಟಿಲು ಹತ್ತಿದೆ. ಬುಕಿಂಗ್ ಕಾಗದ ಮುಂದಿಟ್ಟೆ. ಕಾಕಾ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದರು. ಕ್ಯಾಬಿನ್ ನಂಬರ್ ಹತ್ತಿರ ಕಣ್ಣು ಒಂದು ಕ್ಷಣ ನಿಂತಿತು.

"ಕ್ಯಾಬಿನ್ ಚೊಲೋ ತಗೊಂಡೀರಿ" ಅಂದರು. ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ, "ಬುಕಿಂಗ್ ನನ್ನ ಕಡಿಂದ ಇಲ್ರಿ ಅಕ್ಕಾರ, ನಾ ಕೇಳಿದ್ರ ಅವರು ಏನೂ ಹೇಳಂಗಿಲ್ಲ. ಬುಕ್ ಮಾಡಿದವರಿಗೆ ಪಾಸ್‌ಪೋರ್ಟಿನ ಫೋಟೋ ಹಾಕಿ ಮೇಲ್ ಬರೀರಿ, ಫೋನ್ ಮ್ಯಾಲೆ ಬಿಡಬ್ಯಾಡ್ರಿ" ಅಂದರು. ಹಾಗೇ ಮಾಡಿದೆ. ಹೊರಡಲು ಮೂರು ದಿನ ಇದ್ದಾಗ ಹೆಸರು ಸರಿಯಾಯಿತು. ಆ ಒಂಬತ್ತು ದಿನದ ನಿದ್ದೆಗೆ ಎಷ್ಟು ಡಾಲರ್ ಅಂತ ಹಿಡಿಯಲಿ?

ನ್ಯಾಯವಾಗಿ ಹೇಳಬೇಕೆಂದರೆ, ಕೊಡುತ್ತೇವೆ ಅಂದದ್ದನ್ನು ಆನ್‌ಲೈನ್‌ನವರು ಕೊಟ್ಟರು. ಹಡಗು ಹತ್ತಿದ ಸಂಜೆಯೇ ಎರಡೂ ಕ್ಯಾಬಿನ್‌ಗಳ ಖಾತೆಯಲ್ಲಿ ನೂರು ನೂರು ಡಾಲರ್ ಕೂತಿತ್ತು. ತೊಂದರೆ ಏನೆಂದರೆ ಅದನ್ನು ಹಡಗಿನಲ್ಲೇ ಮುಗಿಸಬೇಕು. ಉಳಿದರೆ ನಗದು ಕೊಡುವುದಿಲ್ಲ. ಹಡಗಿನ ಟಿಪ್ಸ್ ತಲೆಗೆ ದಿನಕ್ಕೆ ಇಷ್ಟು ಅಂತ ಇರುತ್ತದೆ, ಅದನ್ನು ಈ ಕ್ರೆಡಿಟ್‌ನಿಂದ ಕಳೆಯಬಹುದಿತ್ತು. ನಾವು ಜಾಣರು, ಬುಕ್ ಮಾಡುವಾಗಲೇ ಟಿಪ್ಸ್ ಕಟ್ಟಿಬಿಟ್ಟಿದ್ದೆವು. ಮಗಳು ಎರಡು ಸಲ ಕಾಫಿ ಅಂಗಡಿಗೆ ಹೋಗಿಬಂದಳು. ಅತ್ತೆ ಕುಡಿಯುವುದು ಚಹಾ, ಅದು ಊಟದ ಹಾಲ್‌ನಲ್ಲಿ ಹೇಗೂ ಪುಕ್ಕಟೆ. ಕೊನೆಯ ರಾತ್ರಿ ಹನ್ನೊಂದಕ್ಕೆ ಅವರಿಬ್ಬರ ಕ್ಯಾಬಿನ್ ಖಾತೆಯಲ್ಲಿ ಇನ್ನೂ 71 ಡಾಲರ್ ಇತ್ತು. ಅಂಗಡಿ ಮುಚ್ಚುವ ಹೊತ್ತಿಗೆ ನಾನೂ ಮಗಳೂ ಓಡಿ ಹೋಗಿ ಹಡಗಿನ ಹೆಸರಿರುವ ಟೀ ಶರ್ಟ್ ಮೂರು, ಚಾಕೊಲೇಟ್ ಎರಡು ಡಬ್ಬಿ ತಂದೆವು. ಟೀ ಶರ್ಟ್ ಯಾರಿಗೂ ಸರಿಯಾಗಲಿಲ್ಲ. ಒಂದನ್ನು ಈಗ ಮೈದುನ ಕಾರು ಒರೆಸಲು ಇಟ್ಟುಕೊಂಡಿದ್ದಾನೆ.

ಹಾಗಂತ ಆನ್‌ಲೈನ್ ಬೇಡ ಅಂತ ನಾನು ಹೇಳುವುದಿಲ್ಲ. ಮುಂಬೈಯಿಂದ ಗೋವಾ, ಕೊಚ್ಚಿ ಅಂಥ ಕ್ರೂಸ್‌ಗೆ ವೀಸಾ ಇಲ್ಲ, ತಲೆನೋವಿಲ್ಲ. ಎಲ್ಲಿ ಕಡಿಮೆ ಸಿಗುತ್ತದೋ ಅಲ್ಲಿ ಮಾಡಿ. ಕಣ್ಣುಮುಚ್ಚಿ ಮಾಡಿ. ಹೊರದೇಶ, ಜೊತೆಗೆ ಹಿರಿಯರು, ಎರಡು ಮೂರು ದೇಶದ ಬಂದರು ಅಂದರೆ ನನ್ನ ಮಾತು ಬೇರೆ.

ಲೆಕ್ಕ ಹೋಲಿಸುವಾಗ ಒಂದೆರಡು ಕಡೆ ಮೋಸ ಹೋಗಬೇಡಿ. ವೈಫೈ ಫ್ರೀ, ಎರಡನೆಯವರಿಗೆ ಅರ್ಧ ದರ ಅಂಥವನ್ನೆಲ್ಲ ಕ್ರೂಸ್ ಕಂಪನಿಯೇ ಕೊಟ್ಟಿದ್ದರೆ ಯಾರ ಹತ್ತಿರ ಮಾಡಿದರೂ ಸಿಗುತ್ತದೆ. ಏಜೆಂಟ್ ತನ್ನ ಕೈಯಿಂದ ಏನು ಕೊಡುತ್ತಾನೆ ಅನ್ನುವುದನ್ನು ಮಾತ್ರ ಬೇರೆ ಮಾಡಿ ನೋಡಿ. ಕಂಪನಿಯ ಮೆಂಬರ್ ಪಾಯಿಂಟ್‌ಗಳು ನಿಮ್ಮ ಹೆಸರಿಗೆ ಬರುತ್ತವೆ, ಏಜೆಂಟ್ ಬದಲಿಸಿದರೆ ಹೋಗುವುದಿಲ್ಲ. ಇನ್ನೊಂದು ಟಿಸಿಎಸ್, ಅಂದರೆ ಪ್ಯಾಕೇಜ್ ಮಾರುವವರು ಸರ್ಕಾರದ ಪರವಾಗಿ ನಮ್ಮಿಂದ ಮೊದಲೇ ಹಿಡಿಯುವ ತೆರಿಗೆ. ನಾವು ಹೋದಾಗ ಹೊರದೇಶದ ಪ್ಯಾಕೇಜಿಗೆ ವರ್ಷಕ್ಕೆ 7 ಲಕ್ಷದವರೆಗೆ 5% ಇತ್ತು. ಒಬ್ಬರ ಕೋಟೇಶನ್‌ನಲ್ಲಿ ಅದು ಸೇರಿರುತ್ತದೆ, ಇನ್ನೊಬ್ಬರದರಲ್ಲಿ ಇರುವುದಿಲ್ಲ, ಸುಮ್ನೆ ಒಂದು ದುಬಾರಿ ಅನಿಸುತ್ತದೆ. ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು. ಅದು ಏಜೆಂಟರ ಲಾಭವಲ್ಲ.

ನನಗೆ ಇವತ್ತಿಗೂ ಚುಚ್ಚುವುದು 17 ಸಾವಿರವೂ ಅಲ್ಲ, ಹೆಸರಿನ ಗೊಂದಲವೂ ಅಲ್ಲ. ಆ ಪೆನ್ಸಿಲ್ ಗೋಲ. ಏಜೆಂಟರಿಗೆ ಸಂಬಳ ಸಿಗುವುದು ಬುಕ್ ಆದರೆ ಮಾತ್ರ. ಅದೂ ಪೂರ್ತಿ ಹಣ ಕಟ್ಟಿದ ಮೇಲೆ, ಎಷ್ಟೋ ಸಲ ಹಡಗು ಹೊರಟ ಮೇಲೆ. ಮುಕ್ಕಾಲು ತಾಸು ಅವರ ತಲೆ ತಿಂದು, ಅವರು ಕಲಿತದ್ದನ್ನೆಲ್ಲ ಒಂದು ಹಾಳೆಯಲ್ಲಿ ಸುತ್ತಿಕೊಂಡು ಬಂದು ಇನ್ನೊಬ್ಬರಿಗೆ ಕಮಿಷನ್ ಕೊಟ್ಟೆ. ಶಹಾಪುರದ ಅಂಗಡಿಯಲ್ಲಿ ನಲವತ್ತು ಸೀರೆ ಬಿಚ್ಚಿಸಿ ನೋಡಿ, ಫೋಟೋ ತೆಗೆದುಕೊಂಡು ಬಂದು ಫೋನಿನಲ್ಲಿ ತರಿಸುವವರನ್ನು ನಾನೇ ಬೈಯುತ್ತಿದ್ದೆ. ಆನ್‌ಲೈನ್‌ನಲ್ಲಿ ಮಾಡುವುದೇ ಆದರೆ ಕ್ಯಾಬಿನ್ನೂ ನೀವೇ ಹುಡುಕಿ, ವೀಸಾನೂ ನೀವೇ ಓದಿ. ಕ್ರೆಡಿಟ್ ಆಗ ನಿಮ್ಮ ಕೂಲಿ. ನಿಮ್ಮದೇ ದುಡಿಮೆ, ಯಾರ ಹಂಗೂ ಇಲ್ಲ.

ಏಜೆಂಟ್ ಖಾಯಂ ಆದರೂ ಬೇರೆಯವರ ಕೋಟೇಶನ್ ಮೊದಲೇ ತೋರಿಸಿ. ನಾನು ಆಗ ತೋರಿಸಿದ್ದರೆ ಏನಾಗುತ್ತಿತ್ತು ಅಂತ ಈಗ ಗೊತ್ತಾಗಿದೆ. ಹೇಗೆಂದರೆ, ಮುಂದಿನ ಬೇಸಿಗೆಗೆ ಗ್ರೀಸ್ ಕಡೆಯ ಒಂದು ಕ್ರೂಸ್ ನೋಡುತ್ತಿದ್ದೇವೆ. ಹೋದ ವಾರ ಮೆಟ್ಟಿಲು ಹತ್ತಿದವಳು ಕೂಡುವ ಮೊದಲೇ ಫೋನ್ ತೆಗೆದು ಆನ್‌ಲೈನ್ ಕೋಟೇಶನ್ ಅವರ ಟೇಬಲ್ ಮೇಲಿಟ್ಟೆ. ಹಳೆಯ ಒಂಬತ್ತು ಸಾವಿರದ ಮಾತನ್ನೂ ಹೇಳಿದೆ, ಬಾಯಿ ಒಣಗಿತ್ತು. ಕಾಕಾ ತಲೆ ಕೆರೆದುಕೊಂಡರು. "ಅವಾಗ ಹೇಳಬೇಕಿಲ್ರಿ?" ಅಂದರು. ಆಮೇಲೆ ಕ್ಯಾಲ್ಕುಲೇಟರ್ ಎಳೆದುಕೊಂಡು ಎರಡು ಸಲ ಒತ್ತಿ ನೋಡಿದರು.

"ಇಷ್ಟ ನನಗ ಆಗಂಗಿಲ್ರಿ ಅಕ್ಕಾರ. ಅರ್ಧ ಬಿಡ್ತೀನಿ. ದರ ಇಳೀತೇನು ಅಂತ ವಾರಕ್ಕೊಮ್ಮೆ ನೋಡ್ತೀನಿ, ನೀವೂ ನೆನಪ ಮಾಡ್ರಿ."

ಆಗಲಿ ಕಾಕಾ ಅಂದೆ. ಚಹಾ ಬಂತು. ಅವರು ನನ್ನ ಫೋನಿನಲ್ಲಿದ್ದ ಬಂದರುಗಳ ಪಟ್ಟಿಯನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸುತ್ತಾ ಇದ್ದರು.

"ಇದು ನಡುವ ತುರ್ಕಿಗೆ ಹೋಗಿ ತಿರುಗಿ ಗ್ರೀಸಿಗೆ ಬರ್ತೈತಲ್ಲ. ಗ್ರೀಸಿಗೆ ಬೇಕಾಗೂ ಷೆಂಗೆನ್ ವೀಸಾ ಒಂದ ಸಲ ಒಳಗ ಹೋಗೂದು ತಗೊಂಡ್ರ ನಡ್ಯಂಗಿಲ್ಲ. ಅವರು ಹೇಳ್ಯಾರೇನು?"

ಅವರು ಹೇಳಿರಲಿಲ್ಲ.